ಹೆಸರು ಹಾಕಲಿಲ್ಲವಂತೆ, ದೊಡ್ಡ ಉಪಕಾರ

ಪದವಿಯ ಪ್ರಬಂಧಕ್ಕೆಂದು ಒಬ್ಬ ಹುಡುಗಿ ನಮ್ಮಂಥ ನರ್ಸ್‌ಗಳ ಸಂದರ್ಶನ ಮಾಡಿದಳು, ನಾವು ಹೇಳಿದ್ದನ್ನು ಸಭೆಯಲ್ಲಿ ಸ್ಲೈಡ್ ಹಾಕಿ ತೋರಿಸಿದಳು. ಗೌಪ್ಯವಂತೆ! ಹೆಸರೇ ಹಾಕಿಲ್ಲವಂತೆ! ಹೌದು, ಹೆಸರೊಂದನ್ನು ಹಾಕಲಿಲ್ಲ. 'ಸಹಭಾಗಿ 7, ಹೆಣ್ಣು, ವಯಸ್ಸು 52, ಡಯಾಲಿಸಿಸ್ ಘಟಕ, ಅನುಭವ 29 ವರ್ಷ' ಎಂದು ಮಾತ್ರ ಹಾಕಿದರು. ನಮ್ಮ ಘಟಕದಲ್ಲಿ ನನ್ನನ್ನು ಬಿಟ್ಟರೆ ನಲವತ್ತು ದಾಟಿದ ನರ್ಸ್ ಇನ್ನೊಬ್ಬರಿಲ್ಲ. ನನ್ನಷ್ಟು ಹಳೆಯದು ಏನಾದರೂ ಇದ್ದರೆ ಮೂಲೆಯಲ್ಲಿರುವ ತೂಕದ ಯಂತ್ರ, ಅದು ಸಂದರ್ಶನ ಕೊಟ್ಟಿರಲಾರದು. ಇದಕ್ಕಿಂತ ನನ್ನ ಭಾವಚಿತ್ರವನ್ನೇ ಹಾಕಿಬಿಟ್ಟಿದ್ದರೆ ವಾಸಿಯಿತ್ತು, ಅಂದು ಕನಿಷ್ಠ ತಲೆಯನ್ನಾದರೂ ಬಾಚಿಕೊಂಡು ಹೋಗುತ್ತಿದ್ದೆ.

52 ಎನ್ನುವ ಬದಲು 'ಮೂವತ್ತಕ್ಕೆ ಮೇಲ್ಪಟ್ಟವರು' ಎಂದಿದ್ದರೆ ಯಾರ ಗಂಟು ಹೋಗುತ್ತಿತ್ತು? ಘಟಕದ ಹೆಸರನ್ನು ಬಿಟ್ಟಿದ್ದರೆ ಪದವಿ ಕೊಡುವುದಿಲ್ಲ ಎನ್ನುತ್ತಿದ್ದರೇ? ಹೋಗಲಿ, ಗುರುತು ಸಿಕ್ಕಿದ್ದನ್ನಾದರೂ ನುಂಗಿಕೊಳ್ಳುತ್ತೇನೆ. ನುಂಗಲಾಗದ್ದು ಬೇರೆ ಇದೆ.

ಐದನೆಯದೋ ಆರನೆಯದೋ ಸ್ಲೈಡ್. ಮೇಲೆ ದಪ್ಪ ಅಕ್ಷರದಲ್ಲಿ 'ರೋಗಿಗಳ ಬಗ್ಗೆ ನಿರ್ಲಿಪ್ತತೆ' ಎಂಬ ಶೀರ್ಷಿಕೆ. ಅದರ ಕೆಳಗೆ, ಉದ್ಧರಣ ಚಿಹ್ನೆಗಳ ನಡುವೆ, ನನ್ನ ಮಾತು: "ಯಂತ್ರ ಕೂಗಿದರೂ ಒಂದೊಂದು ದಿನ ನಾನು ತಕ್ಷಣ ಏಳುವುದಿಲ್ಲ... ಎದುರಿಗಿದ್ದವರ ಮೇಲೆ ರೇಗುತ್ತೇನೆ."

ನಾನು ಹೇಳಿದ್ದು ಏನು ಗೊತ್ತೇ? "ಯಂತ್ರ ಕೂಗಿದರೂ ಒಂದೊಂದು ದಿನ ನಾನು ತಕ್ಷಣ ಏಳುವುದಿಲ್ಲ. ಕುಳಿತಲ್ಲಿಂದಲೇ ಪರದೆ ನೋಡುತ್ತೇನೆ, ರೋಗಿಯ ಮುಖ ನೋಡುತ್ತೇನೆ, ಅವಸರದ್ದಲ್ಲ ಎಂದು ಖಾತ್ರಿಯಾದರೆ ಎರಡು ಉಸಿರು ಎಳೆದುಕೊಂಡು ಆಮೇಲೆ ಹೋಗುತ್ತೇನೆ. ಇಲ್ಲದಿದ್ದರೆ ಆ ಸುಸ್ತಿನಲ್ಲಿ ಎದುರಿಗಿದ್ದವರ ಮೇಲೆ ರೇಗುತ್ತೇನೆ." ಇದರಲ್ಲಿ ಏನನ್ನು ಉಳಿಸಿಕೊಂಡರು, ಏನನ್ನು ಚುಕ್ಕಿಗಳ ಹೊಟ್ಟೆಗೆ ಹಾಕಿದರು, ನೀವೇ ನೋಡಿ. ಪರದೆ ಹೋಯಿತು, ರೋಗಿಯ ಮುಖ ಹೋಯಿತು, 'ಹೋಗುತ್ತೇನೆ' ಎಂಬುದೂ ಹೋಯಿತು. 'ಇಲ್ಲದಿದ್ದರೆ' ಕೂಡ! ರೇಗಬಾರದೆಂದು ನಾನು ಕಂಡುಕೊಂಡ ಉಪಾಯವೇ ರೇಗುವುದಕ್ಕೆ ಸಾಕ್ಷಿಯಾಗಿ ಗೋಡೆಯ ಮೇಲೆ ಬೆಳಗುತ್ತಿತ್ತು.

ಡಯಾಲಿಸಿಸ್ ಯಂತ್ರದ ಹತ್ತಿರ ಒಂದು ಗಂಟೆ ನಿಂತವರಿಗೂ ಇದು ಅರ್ಥವಾಗುತ್ತದೆ. ನಿದ್ದೆಯಲ್ಲಿ ರೋಗಿ ಕೈ ಮಡಚಿದರೂ ಅದು ಕೂಗುತ್ತದೆ, ನಳಿಕೆಯಲ್ಲಿ ಗಾಳಿ ಕಂಡರೂ ಕೂಗುತ್ತದೆ. ಮೊದಲನೆಯದಕ್ಕೆ ನಡೆದು ಹೋದರೆ ಸಾಕು, ಎರಡನೆಯದಕ್ಕೆ ಓಡಬೇಕು. ಗಾಳಿಯ ಕೂಗಿಗೆ ನಾನು ಕುಳಿತಿದ್ದ ದಿನ ಒಂದೂ ಇಲ್ಲ. ಯಾರಾದರೂ ಇದೆ ಎಂದರೆ ಮುಂದೆ ಬಂದು ಹೇಳಲಿ.

ಸ್ಲೈಡ್ ಅಷ್ಟಕ್ಕೇ ಮುಂದೆ ಹೋಗಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲವೇನೋ. ಆದರೆ ನಮ್ಮ ನರ್ಸಿಂಗ್ ಸೂಪರಿಂಟೆಂಡೆಂಟ್ ಅವರಿಗೆ ಹಿಂದಿನ ಸಾಲಿನವರಿಗೆ ಕಾಣಿಸುತ್ತಿಲ್ಲ ಎಂಬ ಕನಿಕರ ಹುಟ್ಟಿತು. ಎದ್ದು ನಿಂತು ಗಟ್ಟಿಯಾಗಿ ಓದಿದರು. ಶುದ್ಧ ಉಚ್ಚಾರಣೆ. ಚುಕ್ಕಿಗಳು ಬಂದಲ್ಲಿ ನಿಲ್ಲಿಸಿ, ಒಮ್ಮೆ ಸಭೆಯತ್ತ ನೋಡಿ, ಆಮೇಲೆ ಉಳಿದದ್ದನ್ನು ಓದಿದರು. ಲೇಸರ್ ಕಡ್ಡಿಯ ಕೆಂಪು ಬೊಟ್ಟು ಆ ಹೊತ್ತಿಗೆ '52'ರ ಮೇಲೆ ಬಂದು ನಿಂತಿತ್ತು. ಬೇಕೆಂದೇ ನಿಲ್ಲಿಸಿದ್ದಲ್ಲ, ಆ ಹುಡುಗಿಯ ಕೈ ನಡುಗುತ್ತಿತ್ತು, ಬೊಟ್ಟು 52ರ ಸುತ್ತಲೇ ಕುಣಿಯುತ್ತಿತ್ತು. ಎರಡನೇ ಸಾಲಿನಲ್ಲಿ ನಮ್ಮ ಘಟಕಕ್ಕೆ ಪ್ರಾಯೋಗಿಕ ತರಬೇತಿಗೆ ಬರುವ ವಿದ್ಯಾರ್ಥಿನಿಯರು ಕುಳಿತಿದ್ದರು. ಒಬ್ಬಳು ತಿರುಗಿದಳು. ಅವಳ ಪಕ್ಕದವಳು ತಿರುಗಿದಳು. ಆಮೇಲೆ ಇಡೀ ಸಾಲು. ಯಾರೋ ಕಿಸಕ್ಕೆಂದರು. ನನ್ನ ಪಕ್ಕದಲ್ಲಿದ್ದ ಐಸಿಯು ಇನ್‌ಚಾರ್ಜ್ ನನ್ನ ಕಿವಿಯ ಬಳಿ ಬಾಗಿ, "ಸಿಸ್ಟರ್, ಇದು ನೀವೇ ಅಲ್ಲವೇ?" ಎಂದರು. ಪಿಸುಮಾತು ಎಂದು ಅವರು ತಿಳಿದಿದ್ದರು.

ನಾನು ಏನು ಮಾಡಿದೆ ಎನ್ನುತ್ತೀರಿ? ಎದ್ದು ನಿಂತು 'ಇದು ಅರ್ಧ ಮಾತು' ಎಂದು ಕೂಗಿದೆನೇ? ಕೊನೆಯಲ್ಲಿ ಎರಡು ಅಂಗೈಗಳ ನಡುವೆ ಹೃದಯವಿರುವ ಚಿತ್ರ ಬಂತು, 'ಭಾಗವಹಿಸಿದ ಎಲ್ಲ ಶುಶ್ರೂಷಕಿಯರಿಗೆ ಧನ್ಯವಾದಗಳು' ಎಂದಿತ್ತು, ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಜೋರಾಗಿಯೇ ತಟ್ಟಿದೆ. ತಟ್ಟದಿದ್ದರೆ ಅದೂ ನಿರ್ಲಿಪ್ತತೆಯ ಲೆಕ್ಕಕ್ಕೆ ಸೇರಿಬಿಟ್ಟರೆ?

ಇದನ್ನೂ ಮರೆಯುತ್ತಿದ್ದೆನೇನೋ. ಇವತ್ತು ಬೆಳಿಗ್ಗೆ ನಾಲ್ಕನೇ ಹಾಸಿಗೆಯ ಯಂತ್ರ ಕೂಗಿತು. ಹತ್ತಿರವೇ ನಿಂತಿದ್ದ ವಿದ್ಯಾರ್ಥಿನಿ ಯಂತ್ರವನ್ನು ನೋಡಲಿಲ್ಲ, ರೋಗಿಯನ್ನೂ ನೋಡಲಿಲ್ಲ. ನನ್ನನ್ನು ನೋಡಿದಳು. ಏಳುತ್ತಾರೋ ಇಲ್ಲವೋ ಎಂದು! ಎದ್ದೆ. ಓಡಿದೆ ಕೂಡ. ಅಲ್ಲಿ ಏನೂ ಇರಲಿಲ್ಲ, ರೋಗಿ ಮೂಗು ತುರಿಸಿಕೊಳ್ಳಲು ಕೈ ಎತ್ತಿದ್ದರು. ಅಷ್ಟಕ್ಕೆ ಓಡಿದ ನನ್ನನ್ನು ಕಂಡು ಅವರೇ ಗಾಬರಿಯಾದರು.

ಆ ಹುಡುಗಿ ಸಂದರ್ಶನಕ್ಕೆ ಬಂದದ್ದು ನನ್ನ ರಾತ್ರಿ ಪಾಳಿ ಮುಗಿದ ಮೇಲೆ. "ನಿಮ್ಮ ಅನುಭವ ನಮಗೆ ತುಂಬಾ ಮುಖ್ಯ ಮೇಡಂ, ಇದರಲ್ಲಿ ಸರಿ ತಪ್ಪು ಉತ್ತರ ಎಂಬುದಿಲ್ಲ, ಮನಸ್ಸಿಗೆ ಬಂದದ್ದನ್ನು ಹೇಳಿ" ಎಂದಳು. ಸರಿ ತಪ್ಪು ಉತ್ತರ ಇಲ್ಲವಂತೆ. ಹಾಗಾದರೆ ಆ ದಪ್ಪ ಅಕ್ಷರದ ಶೀರ್ಷಿಕೆ ಯಾವ ಉತ್ತರಕ್ಕೆ ಹಾಕಿದ್ದು? ಅವಳ ಮೇಲೂ ಪೂರ್ತಿ ಸಿಟ್ಟು ಮಾಡಲಾರೆ. ಮಗಳ ವಯಸ್ಸು. ಅಧ್ಯಾಯ ಒಪ್ಪಿಸುವ ದಿನ ಹತ್ತಿರ ಬಂದಿರುತ್ತದೆ, ಸ್ಲೈಡಿನಲ್ಲಿ ಎರಡು ಸಾಲಿಗೆ ಮಾತ್ರ ಜಾಗವಿರುತ್ತದೆ. ಆದರೂ! ಬರೆದುಕೊಂಡದ್ದನ್ನು ಮಾತನಾಡಿದವರಿಗೇ ಒಮ್ಮೆ ತೋರಿಸಿ, ಸರಿಯಿದೆಯೇ ಎಂದು ಕೇಳಿ ಎಂದು ಲಿಂಕನ್ ಮತ್ತು ಗೂಬಾ ಎಂಬ ಸಂಶೋಧನಾ ಪಂಡಿತರು 1985ರಲ್ಲೇ ಹೇಳಿದ್ದಾರೆ. ಸಂಶೋಧನಾ ವಿಧಾನ ಎಂಬ ವಿಷಯದಲ್ಲಿ ಅದನ್ನು ಅವಳಿಗೆ ಕಲಿಸುವವರೇ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಅಂಕವೂ ಉಂಟು. ನನ್ನ ಬಳಿ ಒಂದು ಹಾಳೆಯೂ ಬರಲಿಲ್ಲ.

ಒಪ್ಪಿಗೆ ಪತ್ರಕ್ಕೆ ನೀವೇ ಸಹಿ ಹಾಕಿದ್ದೀರಲ್ಲ ಎನ್ನಬೇಡಿ. ಹಾಕಿದ್ದೇನೆ. ಮೂರು ಪುಟ ಇತ್ತು, 'ಸ್ವಇಚ್ಛೆಯಿಂದ' ಎಂದು ಅದರಲ್ಲಿ ಎಲ್ಲೆಲ್ಲೂ ಇತ್ತು. ವಿಶ್ರಾಂತಿ ಕೋಣೆಯ ಬಾಗಿಲ ಮೇಲೆ ಮಾತ್ರ ನಮ್ಮೆಲ್ಲರ ಹೆಸರಿನ ಪಟ್ಟಿ ಅಂಟಿಸಿತ್ತು, ಕೊಟ್ಟವರ ಮುಂದೆ ಟಿಕ್, ಕೊಡದವರ ಮುಂದೆ ಖಾಲಿ. ರಜೆ ಮಂಜೂರು ಮಾಡುವವರು ಹೋಗುವಾಗ ಬರುವಾಗ ಅದನ್ನು ನೋಡುತ್ತಿದ್ದರು. ಮನುಷ್ಯರ ಮೇಲೆ ಪ್ರಯೋಗ ಮಾಡುವವರಿಗೆಂದು ಹಾಕಿದ ನ್ಯೂರೆಂಬರ್ಗ್ ಸಂಹಿತೆಯ ಮೊದಲ ಮಾತೇ ಸ್ವಇಚ್ಛೆಯ ಒಪ್ಪಿಗೆ, 1947ರಲ್ಲಿ ಬರೆದದ್ದು. ವಿದ್ಯಾರ್ಥಿಗಳ ಪಾಡು ಇನ್ನೂ ಕಷ್ಟ. ಆಂತರಿಕ ಅಂಕ ಕೊಡುವ ಉಪನ್ಯಾಸಕರೇ 'ನಿಮ್ಮ ಒತ್ತಡದ ಮಟ್ಟ' ಎಂಬ ಪ್ರಶ್ನಾವಳಿ ಹಿಡಿದು ತರಗತಿಯ ಬಾಗಿಲಲ್ಲಿ ನಿಲ್ಲುತ್ತಾರೆ. ಪಾಪ, ಒತ್ತಡವೇ ಇಲ್ಲ ಎಂದು ತುಂಬಿ ಕೊಟ್ಟು ಹೋಗುತ್ತಾರೆ ಮಕ್ಕಳು. ಜಾಣರು.

ನಿಜಕ್ಕೂ ಜಾಣರು ಅವರೇ. ಹಾಫ್ಲಿಂಗ್ ಎಂಬ ಮನೋವೈದ್ಯರ ಪ್ರಯೋಗ ಕೇಳಿರಬೇಕು, ಪ್ರಕಟವಾದದ್ದು 1966ರಲ್ಲಿ. ಪರಿಚಯವಿಲ್ಲದ ವೈದ್ಯರೊಬ್ಬರು ವಾರ್ಡಿಗೆ ಫೋನ್ ಮಾಡಿ, ಒಂದು ಔಷಧವನ್ನು 20 ಮಿಲಿಗ್ರಾಂ ಕೊಡಿ ಎನ್ನುತ್ತಾರೆ. ಡಬ್ಬಿಯ ಮೇಲೆ ಗರಿಷ್ಠ 10 ಎಂದೇ ಇರುತ್ತದೆ. 22 ನರ್ಸ್‌ಗಳಲ್ಲಿ 21 ಮಂದಿ ಕೊಡಲು ಹೊರಟರು, ಹಾಸಿಗೆ ಮುಟ್ಟುವ ಮೊದಲು ಅವರನ್ನು ತಡೆದರು. ಮಾತ್ರೆ ನಿರುಪದ್ರವಿ, ವೈದ್ಯರು ಸುಳ್ಳು, ಆ 22 ಮಂದಿಗೆ ತಾವು ಪ್ರಯೋಗದಲ್ಲಿದ್ದೇವೆಂಬುದೇ ಗೊತ್ತಿರಲಿಲ್ಲ. ತರಗತಿಯಲ್ಲಿ ಇಷ್ಟು ಹೇಳಿ 'ನೋಡಿ ನರ್ಸ್‌ಗಳು ಹೀಗೆ' ಎಂದು ನಗುತ್ತಾರೆ. ಉಳಿದ ಭಾಗ ಯಾರಿಗೂ ನೆನಪಿಲ್ಲ. ಇದೇ ಸನ್ನಿವೇಶವನ್ನು ಬಾಯಲ್ಲಿ ವಿವರಿಸಿ ನೀವೇನು ಮಾಡುತ್ತೀರಿ ಎಂದು ಬೇರೆಯವರನ್ನು ಕೇಳಿದಾಗ 12 ನರ್ಸ್‌ಗಳಲ್ಲಿ 10 ಮಂದಿ, 21 ವಿದ್ಯಾರ್ಥಿಗಳಲ್ಲಿ 21 ಮಂದಿಯೂ 'ಕೊಡುವುದಿಲ್ಲ' ಎಂದಿದ್ದರು. ಕಾಗದದ ಮೇಲೆ ಎಲ್ಲರೂ ದೇವತೆಗಳೇ. ನಾನೊಬ್ಬಳು ದೊಡ್ಡ ಸತ್ಯವಂತೆ, ರಾತ್ರಿ ಪಾಳಿ ಮುಗಿಸಿ ಬಂದು ರೆಕಾರ್ಡರ್ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಗೋಡೆಗೇರಿದೆ. ಪಕ್ಕದ ಸ್ಲೈಡಿನಲ್ಲಿ ಸಹಭಾಗಿ 3 ಇದ್ದಾರೆ: "ರೋಗಿಯ ನಗುವೇ ನನ್ನ ಸಂಬಳ." ಅವರು ಯಾರೆಂದೂ ನನಗೆ ಗೊತ್ತು. ಹೋಗಲಿ ಬಿಡಿ.

ಇನ್ನು ಮುಂದೆ ಯಾವ ಪ್ರಶ್ನಾವಳಿಗೂ ಕೈ ಹಾಕುವುದಿಲ್ಲ. ಬಳಲಿಕೆ ಅಳೆಯುವ ಮಾಸ್ಲಾಕ್ ಅವರ 22 ಪ್ರಶ್ನೆಗಳ ಪಟ್ಟಿ ಬರಲಿ, ಸೊನ್ನೆಯಿಂದ ಆರರವರೆಗೆ ಯಾವುದಾದರೂ ಒಂದಕ್ಕೆ ಸುತ್ತು ಹಾಕಿ ಎನ್ನಲಿ, ಖಾಲಿಯೇ ವಾಪಸು. ಅದನ್ನು ಎಷ್ಟು ಸಲ ತುಂಬಿದ್ದೇನೆಂದರೆ ಪ್ರಶ್ನೆಗಳು ಬಾಯಿಪಾಠವಾಗಿವೆ. ನನ್ನ ಬಳಲಿಕೆಯಲ್ಲಿ ಒಂದು ಪಾಲು ಅದನ್ನು ತುಂಬಿ ಬಂದದ್ದೇ ಇರಬೇಕು. ಅದನ್ನು ಕೇಳುವ ಪ್ರಶ್ನೆ ಮಾತ್ರ ಆ ಪಟ್ಟಿಯಲ್ಲಿಲ್ಲ.

ತುಂಬುವುದಿಲ್ಲ ಎಂದೆನಲ್ಲ, ಸುಳ್ಳು. ತುಂಬುತ್ತೇನೆ. ತುಂಬದೆ ಇದ್ದರೆ ನಮ್ಮ ಪರವಾಗಿ ಹೇಳಲು ಏನಿದೆ? 2002ರಲ್ಲಿ ಲಿಂಡಾ ಐಕೆನ್ ಎಂಬ ನರ್ಸಿಂಗ್ ಸಂಶೋಧಕಿ ಮತ್ತವರ ತಂಡ ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಅಧ್ಯಯನ ಪ್ರಕಟಿಸಿತು. ಒಬ್ಬ ನರ್ಸ್‌ಗೆ ಒಬ್ಬ ರೋಗಿ ಹೆಚ್ಚಾದರೆ ಶಸ್ತ್ರಚಿಕಿತ್ಸೆಯಾದ ರೋಗಿ 30 ದಿನಗಳೊಳಗೆ ಸಾಯುವ ಸಂಭವ ಶೇಕಡಾ 7ರಷ್ಟು ಏರುತ್ತದೆ ಎಂದು ತೋರಿಸಿತು. ಸಿಬ್ಬಂದಿ ಸಾಲದು ಎಂದು ನಾವು ಗಂಟಲು ಹರಿದುಕೊಂಡಾಗ 'ಗೊಣಗಾಟ' ಎಂದವರೆಲ್ಲ ಆ 7 ಕೇಳಿ ಸುಮ್ಮನಾದರು. ಅದು ಎಲ್ಲಿಂದ ಬಂತು? 10,184 ನರ್ಸ್‌ಗಳು ಕುಳಿತು ಪ್ರಶ್ನಾವಳಿ ತುಂಬಿದ್ದರಿಂದ ಬಂತು. 1976ರಲ್ಲಿ ಅಮೆರಿಕದಲ್ಲಿ ಶುರುವಾದ ನರ್ಸ್‌ಗಳ ಆರೋಗ್ಯ ಅಧ್ಯಯನಕ್ಕೆ ಲಕ್ಷಕ್ಕೂ ಮೀರಿದ ನರ್ಸ್‌ಗಳು ಎರಡೆರಡು ವರ್ಷಕ್ಕೊಮ್ಮೆ ಉತ್ತರ ಬರೆದು ಕಳುಹಿಸಿದರು, ಎಂಬತ್ತರ ದಶಕದಲ್ಲಿ ಕೇಳಿದರೆಂದು ಕಾಲಿನ ಉಗುರನ್ನೂ ಕತ್ತರಿಸಿ ಅಂಚೆಗೆ ಹಾಕಿದರು. ಉಗುರು ಕೊಟ್ಟವರೇ ಪುಣ್ಯವಂತರು. ಉಗುರನ್ನು ಅರ್ಧಕ್ಕೆ ಕತ್ತರಿಸಿ ಅರ್ಥ ಬದಲಿಸಲು ಬರುವುದಿಲ್ಲ.

ಈಗ ಕೇಳುತ್ತೇನೆ, ಗೊತ್ತಿರುವವರು ಉತ್ತರ ಕೊಡಿ. ಮಾಹಿತಿ ಪತ್ರದ ಕೊನೆಯಲ್ಲಿ 'ಸಂದೇಹವಿದ್ದರೆ ಸಂಪರ್ಕಿಸಿ' ಎಂದು ಇಮೇಲ್ ಇತ್ತು. ಬರೆದೆ. ಅರ್ಧ ನಿಮಿಷದಲ್ಲಿ ವಾಪಸು ಬಂತು, ಈ ವಿಳಾಸ ಅಸ್ತಿತ್ವದಲ್ಲಿಲ್ಲವಂತೆ. ಆ ಹುಡುಗಿಯ ಕೋರ್ಸ್ ಮುಗಿಯಿತು, ವಿಶ್ವವಿದ್ಯಾಲಯ ಖಾತೆಯನ್ನು ಮುಚ್ಚಿತು. ಸಂಶೋಧನೆಗೆ ಅನುಮತಿ ಕೊಡುವ ನೈತಿಕ ಸಮಿತಿಯ ದೂರವಾಣಿ ರಿಂಗಾಗುತ್ತದೆ, ರಿಂಗಾಗುತ್ತಲೇ ಇರುತ್ತದೆ. ಅವಳ ಪ್ರಬಂಧದ ಮಾರ್ಗದರ್ಶಕರು ಮಾತ್ರ ಉತ್ತರಿಸಿದರು, ಬಹಳ ವಿನಯದಿಂದ: ವಿಶ್ಲೇಷಣೆ ಮುಗಿದ ಮೇಲೆ ದತ್ತಾಂಶ ಹಿಂಪಡೆಯಲು ಅವಕಾಶವಿಲ್ಲ, ಅದು ಮಾಹಿತಿ ಪತ್ರದ ಎರಡನೇ ಪುಟದಲ್ಲೇ ಇದೆ, ತಮ್ಮ ಸಹಕಾರಕ್ಕೆ ಕೃತಜ್ಞತೆಗಳು.

ಹಿಂಪಡೆಯುತ್ತೇನೆ ಎಂದು ಯಾರು ಹೇಳಿದರು? ನನ್ನ ಪತ್ರವನ್ನು ಅವರು ಓದಿಯೇ ಇಲ್ಲ. ನಾನು ಕೇಳಿದ್ದು ಹಿಂತೆಗೆಯಿರಿ ಎಂದಲ್ಲ, ಪೂರ್ತಿ ಹಾಕಿ ಎಂದು. ಇನ್ನೂ ಹೆಚ್ಚು ಕೊಡುತ್ತಿದ್ದೇನೆ! ವಯಸ್ಸು, ಘಟಕ, ಅನುಭವ ಎಲ್ಲ ಇರಲಿ, ಬೇಕಾದರೆ ಹೆಸರನ್ನೂ ಹಾಕಿಕೊಳ್ಳಲಿ, ನಡುವಿನ ಆ ಎರಡು ಸಾಲು ಸೇರಿಸಲಿ. ಆ ಪ್ರಬಂಧ ಇನ್ನೂ ಗ್ರಂಥಾಲಯಕ್ಕೆ ಹೋಗಿಲ್ಲವಂತೆ, ರಟ್ಟು ಕಟ್ಟಲು ಕೊಟ್ಟಿದ್ದಾರಂತೆ. ಒಮ್ಮೆ ಕಪಾಟು ಸೇರಿದರೆ ಮುಗಿಯಿತು, ಮುಂದಿನ ವರ್ಷದ ವಿದ್ಯಾರ್ಥಿ ಅದರಿಂದ ಉದ್ಧರಿಸುತ್ತಾನೆ, ಅವನಿಂದ ಇನ್ನೊಬ್ಬ.

ಯಾರಿಗೆ ಬರೆಯಬೇಕು ಹೇಳಿ. ಸಮಿತಿಗೆ ಎನ್ನಬೇಡಿ, ಮಾರ್ಗದರ್ಶಕರಿಗೆ ಎನ್ನಬೇಡಿ, ಇನ್‌ಚಾರ್ಜ್ ಮೂಲಕ ಎಂದಂತೂ ಬಾಯೇ ಬಿಡಬೇಡಿ. ಬೇರೆ ಯಾರಾದರೂ ಇದ್ದರೆ ಹೇಳಿ, ನಾಳೆ ನನಗೆ ಮಧ್ಯಾಹ್ನದ ಪಾಳಿ, ಬೆಳಿಗ್ಗೆ ಬಿಡುವಿದೆ.