ಇಸಿ ‘ನಿಲ್’ ಬಂದಿದೆ, ಸರಿ. ಆಮೇಲೆ?

ಸೈಟು ತೋರಿಸೋ ಬ್ರೋಕರ್ ಬಾಯಲ್ಲಿ ಮೊದಲು ಬರೋ ಮಾತು: “ಸಾರ್, ಮೂವತ್ತು ವರ್ಷದ ಇಸಿ ತೆಗೆಸಿದೀವಿ, ಎಲ್ಲಾ ಕ್ಲೀನ್.” ಅಷ್ಟು ಕೇಳಿದರೆ ಕೊಳ್ಳೋರಿಗೆ ಅರ್ಧ ನೆಮ್ಮದಿ. ಆದರೆ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ, ಹೇಳೋದು ಬಹಳ ಕಮ್ಮಿ. ನೀವು ಕೊಟ್ಟ ವಿವರಕ್ಕೆ, ನೀವು ಕೇಳಿದ ಅವಧಿಯಲ್ಲಿ, ಸಬ್‌ರಿಜಿಸ್ಟ್ರಾರ್ ಕಚೇರಿಯ ಒಂದನೇ ಪುಸ್ತಕದಲ್ಲಿ (ಸ್ಥಿರಾಸ್ತಿ ಪತ್ರಗಳ ನೋಂದಣಿ ಪುಸ್ತಕ) ಏನು ದಾಖಲಾಗಿದೆ, ಅಷ್ಟೇ. ಮಾರೋನಿಗೆ ಮಾರುವ ಹಕ್ಕಿದೆ ಅಂತ ಅದು ಎಲ್ಲೂ ಹೇಳಲ್ಲ.

‘ನೀವು ಕೊಟ್ಟ ವಿವರಕ್ಕೆ’ ಅನ್ನೋದರಲ್ಲೇ ಮೊದಲ ಎಡವಟ್ಟು. ವ್ಯವಹಾರ ಸಿಕ್ಕರೆ ಫಾರಂ 15, ಸಿಗದಿದ್ದರೆ ಫಾರಂ 16. ಈ ಎರಡನೇದನ್ನೇ ಜನ ‘ನಿಲ್ ಇಸಿ’ ಅನ್ನೋದು. ಮಾರೋನು 2011ರಲ್ಲಿ ಕೊಂಡೆ ಅಂತಾನೆ, 2004ರಿಂದ ಕೇಳಿದ ಇಸಿ ನಿಲ್ ಬಂದಿದೆ ಅಂದರೆ ಖುಷಿ ಪಡಬೇಡಿ. ಅವನ ಕ್ರಯಪತ್ರವೇ ಅದರಲ್ಲಿ ಕಾಣಬೇಕಿತ್ತು. ಕಾಣಲಿಲ್ಲ ಅಂದರೆ ಹುಡುಕಿದ ವಿವರ ತಪ್ಪು, ಇಲ್ಲವೇ ಪತ್ರ ಸುಳ್ಳು. ಜಮೀನು ಪೋಡಿಯಾಗಿ, ಅಂದರೆ ಅಳತೆಯಾಗಿ ಭಾಗವಾಗಿ, ಹಿಸ್ಸಾ (ಭಾಗದ) ನಂಬರ್ ಬದಲಾಗಿರುತ್ತೆ, ಆಮೇಲೆ ಸೈಟ್ ನಂಬರ್, ಅದರ ಮೇಲೆ ಖಾತಾ ನಂಬರ್. ಹಳೇ ಸರ್ವೆ ನಂಬರ್, ಹೊಸ ಹಿಸ್ಸಾ, ಸೈಟ್, ಖಾತಾ, ಹೀಗೆ ಒಂದೊಂದಕ್ಕೂ ಬೇರೆ ಬೇರೆ ಇಸಿ ಕೇಳಿ. ಚಕ್ಕುಬಂದಿಯನ್ನು, ಅಂದರೆ ನಾಲ್ಕು ದಿಕ್ಕಿನ ಗಡಿ ವಿವರವನ್ನು, ಪ್ರತಿ ಪತ್ರದ ಜೊತೆ ಹೋಲಿಸಿ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗೋದು 1-4-2004ರಿಂದ ಈಚಿನದು. ಅದಕ್ಕಿಂತ ಹಿಂದಿನದಕ್ಕೆ ಕಚೇರಿಗೇ ಹೋಗಿ ಕೈಬರಹದ ಸೂಚಿಯಲ್ಲಿ ಹುಡುಕಿಸಬೇಕು. ಆ ಊರು ಆಗ ಬೇರೆ ಸಬ್‌ರಿಜಿಸ್ಟ್ರಾರ್ ವ್ಯಾಪ್ತಿಯಲ್ಲಿದ್ದರೆ ಅಲ್ಲಿಗೂ ಹೋಗಬೇಕು.

ಇನ್ನು ಒಂದನೇ ಪುಸ್ತಕಕ್ಕೆ ಬಾರದ ಕಾಗದಗಳು. ನೋಂದಣಿಯಾದ ವಿಲ್ ಮೂರನೇ ಪುಸ್ತಕಕ್ಕೆ ಹೋಗುತ್ತೆ, ಜಿಪಿಎ (ತಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಕೊಡೋ ಅಧಿಕಾರಪತ್ರ) ನಾಲ್ಕಕ್ಕೆ. ಎರಡೂ ಇಸಿಯಲ್ಲಿ ಬರಲ್ಲ. ವಿಲ್ ಬರೆದವರು ತೀರಿಕೊಂಡ ಮೇಲೆ ಅದರ ದೃಢೀಕೃತ ನಕಲನ್ನು ಯಾರು ಬೇಕಾದರೂ ಅರ್ಜಿ ಹಾಕಿ ಪಡೆಯಬಹುದು. ಇದು ಬಹಳ ಜನಕ್ಕೆ ಗೊತ್ತಿಲ್ಲ. ಜಿಪಿಎ ಹೋಲ್ಡರ್ ಮಾರಾಟಕ್ಕೆ ಬಂದರೆ, ಅಧಿಕಾರ ಕೊಟ್ಟವರು ಬದುಕಿದ್ದಾರಾ, ಜಿಪಿಎ ರದ್ದು ಮಾಡಿಲ್ಲವಾ ಅಂತ ಅವರ ಬಾಯಿಂದಲೇ ಕೇಳಿ. ಜಿಪಿಎ ಮೇಲೆ ‘ಕೊಂಡಿದ್ದೀನಿ’ ಅನ್ನೋನ ಹತ್ತಿರ ಮಾತೇ ಬೇಡ. ಜಿಪಿಎಯಿಂದ ಮಾಲೀಕತ್ವ ಬರಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿಯಾಗಿದೆ.

ಎಲ್ಲಕ್ಕಿಂತ ಹೆಚ್ಚು ಕೇಸು ಹುಟ್ಟೋದು ಮನೆಯ ಹೆಣ್ಣುಮಕ್ಕಳ ಸಹಿ ಹಾಕಿಸದೇ ಬಿಟ್ಟಲ್ಲಿ. ಅಪ್ಪ ತೀರಿಕೊಂಡ, ಹಿರಿಮಗನ ಹೆಸರಿಗೆ ಪೌತಿ ಖಾತೆ (ಸತ್ತವರ ಹೆಸರಿಂದ ವಾರಸುದಾರರಿಗೆ ಖಾತೆ ಬದಲಾವಣೆ) ಆಯ್ತು, ಪಹಣಿಯಲ್ಲಿ ಅವನೊಬ್ಬನೇ. ಇಸಿ ಖಾಲಿ, ಯಾಕಂದರೆ ಸಾವು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಲ್ಲ. ಆದರೆ ಖಾತೆ ಬದಲಾದ ಮಾತ್ರಕ್ಕೆ ಅಕ್ಕತಂಗಿಯರ ಪಾಲು ಹೋಗಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಹಕ್ಕು. ಆ ವರ್ಷ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. 20-12-2004ಕ್ಕೆ ಮುಂಚೆ ನೋಂದಣಿಯಾದ ವಿಭಾಗಪತ್ರಕ್ಕೆ ಧಕ್ಕೆ ಇಲ್ಲ. ಬಾಯಿಮಾತಿನ ಪಾಲು, ಬಿಳಿ ಹಾಳೆಯ ಪಾಲುಪಟ್ಟಿ ನಂಬಿಕೊಂಡು ಕೊಂಡರೆ ಕೋರ್ಟು ಮೆಟ್ಟಿಲು ಖಚಿತ ಅಂದುಕೊಳ್ಳಿ.

ಹಾಗಾಗಿ ವಂಶವೃಕ್ಷ ಕೇಳಿ, ಆದರೆ ಅದನ್ನೂ ಪೂರ್ತಿ ನಂಬಬೇಡಿ. ಮದುವೆಯಾಗಿ ಹೋದವರ ಹೆಸರು ಬಿಟ್ಟು ಮಾಡಿಸಿದ ವಂಶವೃಕ್ಷಗಳು ಎಷ್ಟೋ ಇವೆ. ಊರಲ್ಲಿ ಎರಡು ಮನೆಯಲ್ಲಿ ವಿಚಾರಿಸಿದರೆ ಎಷ್ಟು ಮಕ್ಕಳು ಅನ್ನೋದು ಗೊತ್ತಾಗುತ್ತೆ. ಹೆಣ್ಣುಮಕ್ಕಳೆಲ್ಲ ಮಾರಾಟಗಾರರಾಗಿಯೇ ಕ್ರಯಪತ್ರಕ್ಕೆ ಸಹಿ ಹಾಕಲಿ, ಇಲ್ಲವೇ ಮೊದಲೇ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಮಾಡಿಕೊಡಲಿ. ‘ಸಾಕ್ಷಿ ಸಹಿ ಹಾಕ್ತಾರೆ ಬಿಡಿ’ ಅಂದರೆ ಒಪ್ಪಬೇಡಿ. ಸಾಕ್ಷಿ ಹಾಕಿದವರು ಪಾಲು ಬಿಟ್ಟುಕೊಟ್ಟ ಹಾಗಲ್ಲ. ಪಾಲಾಗಿ ಅಪ್ರಾಪ್ತ ಮಗುವಿನ ಹೆಸರಿಗೇ ಬಂದ ಆಸ್ತಿಯಾದರೆ ಕೋರ್ಟಿನ ಅನುಮತಿ ಬೇಕು. ಇಲ್ಲದಿದ್ದರೆ ಆ ಮಗು ಹದಿನೆಂಟು ತುಂಬಿದ ಮೇಲೆ ಮೂರು ವರ್ಷದೊಳಗೆ ಮಾರಾಟ ರದ್ದು ಕೇಳಬಹುದು.

ಅಸಲು ಪತ್ರ ಕಳೆದುಹೋಗಿದೆ ಅಂದರೆ ಕಿವಿ ನಿಮಿರಲಿ. ಪತ್ರ ಇಟ್ಟು ಸಾಲ ಎತ್ತಿರಬಹುದು. ಪತ್ರ ಒತ್ತೆಯಿಟ್ಟು ಮಾಡಿದ ಅಡಮಾನ ಎಲ್ಲಾ ಸಲ ಇಸಿಗೆ ಬರಲ್ಲ. ಬ್ಯಾಂಕುಗಳು ಇಂಥ ಅಡಮಾನವನ್ನು ದಾಖಲಿಸುವ ಸೆರ್ಸಾಯ್ ಎಂಬ ಕೇಂದ್ರ ನೋಂದಣಿ ಇದೆ. ಅದರ ಜಾಲತಾಣದಲ್ಲಿ ಸಣ್ಣ ಶುಲ್ಕ ಕಟ್ಟಿ ಯಾರಾದರೂ ಹುಡುಕಬಹುದು. ಖಾಸಗಿಯವರ ಹತ್ತಿರ ಇಟ್ಟಿದ್ದರೆ ಅಲ್ಲೂ ಸಿಗಲ್ಲ.

ಕೋರ್ಟು ಕೇಸು ಇದಕ್ಕಿಂತ ಕೆಟ್ಟದ್ದು. ನೋಂದಣಿಯಾಗದ ಹಳೇ ಅಗ್ರಿಮೆಂಟ್ ಇದ್ದು, ನಿಮಗೆ ಗೊತ್ತೇ ಇಲ್ಲದೆ ಪೂರ್ತಿ ಹಣ ಕೊಟ್ಟು ಕೊಂಡಿದ್ದರೆ ಕಾನೂನಿನಲ್ಲಿ ನಿಮಗೆ ಸ್ವಲ್ಪ ರಕ್ಷಣೆ ಇದೆ. ದಾವೆ ನಡೀತಿರುವಾಗ ಕೊಂಡರೆ ಅದೂ ಇಲ್ಲ. ಗೊತ್ತಿರಲಿ ಬಿಡಲಿ, ತೀರ್ಪು ನಿಮ್ಮ ಮೇಲೂ ಬೀಳುತ್ತೆ. ಇ-ಕೋರ್ಟ್ಸ್ ತಾಣದಲ್ಲಿ ಮಾರೋನ ಹೆಸರು, ಅವನ ಅಪ್ಪನ ಹೆಸರು, ಅವನಿಗೆ ಮಾರಿದವರ ಹೆಸರು ಹಾಕಿ ನೋಡಿ. ಇಂಗ್ಲಿಷಿನಲ್ಲಿ ಹೆಸರನ್ನು ನಾಲ್ಕು ಥರ ಬರೆದಿರ್ತಾರೆ, ನಾಲ್ಕನ್ನೂ ಹಾಕಿ. ತಹಶೀಲ್ದಾರ್, ಎಸಿ (ಉಪವಿಭಾಗಾಧಿಕಾರಿ), ಡಿಸಿ (ಜಿಲ್ಲಾಧಿಕಾರಿ) ಮುಂದಿನ ಪ್ರಕರಣಗಳು ಅಲ್ಲಿರಲ್ಲ, ಕಂದಾಯ ನ್ಯಾಯಾಲಯಗಳ ತಾಣದಲ್ಲಿ ಬೇರೆಯಾಗಿ ನೋಡಬೇಕು.

ಎಸಿ ಅಂದಾಗ ಪಿಟಿಸಿಎಲ್ ಕಾಯ್ದೆಯನ್ನು ಬಿಡೋ ಹಾಗಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರಿದ್ದರೆ, 1978ರ ಈ ಕಾಯ್ದೆಯಡಿ ಆ ಮಾರಾಟ ಅಸಿಂಧು. ನೀವು ಎಷ್ಟನೇ ಕೊಳ್ಳುಗನಾದರೂ ಅಷ್ಟೇ. 2023ರ ತಿದ್ದುಪಡಿಯಲ್ಲಿ ಅರ್ಜಿಗೆ ಕಾಲಮಿತಿ ಇಲ್ಲ ಅಂತಲೂ ಸೇರಿಸಿದ್ದಾರೆ. ಬಡವನ ನೆಲ ಉಳಿಸೋ ಕಾಯ್ದೆ, ಇರಬೇಕಾದ್ದೇ. ಅದನ್ನು ಮುಚ್ಚಿಟ್ಟು ಲೇಔಟ್ ಮಾಡಿ ಮಾರೋರು ತಪ್ಪಿತಸ್ಥರು. ಮೊದಲ ಪಹಣಿ, ಮುಟೇಶನ್‌ವರೆಗೂ ಹಿಂದಕ್ಕೆ ಹೋಗಿ, ಜಮೀನು ಮಂಜೂರಾತಿಯಿಂದ ಬಂತೋ ಹಿಡುವಳಿಯೋ (ಮೊದಲಿಂದಲೂ ಖಾಸಗಿಯವರದೋ) ನೋಡಿ. ಪಿಟಿಸಿಎಲ್ ಪ್ರಕರಣ ಇಲ್ಲ ಅಂತ ಎಸಿ ಕಚೇರಿಯಿಂದ ಹಿಂಬರಹ (ಲಿಖಿತ ಉತ್ತರ) ತೆಗೆಸಿ. ಸರ್ಕಾರದ ಭೂನಕ್ಷೆ ಆ್ಯಪ್ ದಿಶಾಂಕ್ ಹಿಡಿದು ಜಾಗದಲ್ಲೇ ನಿಂತರೆ ಸರ್ವೆ ನಂಬರ್ ಸರಿಯಿದೆಯಾ, ಕೆರೆ, ರಾಜಕಾಲುವೆ, ಖರಾಬು (ಸಾಗುವಳಿಗೆ ಬಾರದ ನೆಲ) ತಗುಲುತ್ತಾ ಅಂತ ಅಂದಾಜು ಸಿಗುತ್ತೆ. ಅಳತೆಗೆ ಮಾತ್ರ ಸರ್ವೇಯರೇ ಬೇಕು. ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ), ಕೆಐಎಡಿಬಿ (ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಭೂಸ್ವಾಧೀನದ ಅಧಿಸೂಚನೆ ಬಗ್ಗೆ ಆಯಾ ಕಚೇರಿಯಲ್ಲೇ ಕೇಳಿ.

“ಬ್ಯಾಂಕ್ ಲೋನ್ ಸಿಗುತ್ತೆ, ಅಂದ್ಮೇಲೆ ಕಾಗದ ಸರಿಯಿರಲೇಬೇಕು” ಅನ್ನೋ ವಾದ ಇದೆಯಲ್ಲ, ಅದನ್ನೂ ನಂಬಬೇಡಿ. ಬ್ಯಾಂಕಿನ ವಕೀಲರು ತಮ್ಮ ಮುಂದಿಟ್ಟ ಕಾಗದ ನೋಡಿ ಅಭಿಪ್ರಾಯ ಕೊಡ್ತಾರೆ. ಬಿಟ್ಟುಹೋದ ತಂಗಿಯನ್ನು ಹುಡುಕಿಕೊಂಡು ಅವರು ಊರಿಗೆ ಹೋಗಲ್ಲ.

ಅಡ್ವಾನ್ಸ್ ಕೊಡುವಾಗ ಟೋಕನ್ ಚಿಕ್ಕದಿರಲಿ, ಖಾತೆಯಿಂದ ಖಾತೆಗೆ ಹೋಗಲಿ. ಹಕ್ಕಿನಲ್ಲಿ ದೋಷ ಕಂಡರೆ ಇಷ್ಟು ದಿನದಲ್ಲಿ ವಾಪಸ್ ಅಂತ ಬರೆಸಿ. ಆಮೇಲೆ ಆ ಊರಿನವರು ಓದೋ ಕನ್ನಡ ಪತ್ರಿಕೆಯಲ್ಲಿ, ಪೂರ್ತಿ ಚಕ್ಕುಬಂದಿ ಸಮೇತ, ತಕರಾರಿಗೆ 15 ದಿನ ಕೊಟ್ಟು ಸಾರ್ವಜನಿಕ ಪ್ರಕಟಣೆ ಹಾಕಿಸಿ. ಮಾರೋನು ಇದಕ್ಕೆ ‘ಯಾಕೆ ಸುಮ್ಮನೆ’ ಅಂತ ಗೊಣಗಿದರೆ, ಯಾರ ಕಣ್ಣಿಗೆ ಬೀಳುತ್ತೆ ಅನ್ನೋ ಭಯವೋ ವಿಚಾರಿಸಿ. ನೋಂದಣಿಯ ಹಿಂದಿನ ದಿನ ಮತ್ತೆ ಇಸಿ ತೆಗೆಸಿ. ಅಗ್ರಿಮೆಂಟಿಗೂ ಕ್ರಯಕ್ಕೂ ನಡುವಿನ ಎರಡು ಮೂರು ತಿಂಗಳಲ್ಲಿ ಇನ್ನೊಬ್ಬರಿಗೆ ಪತ್ರ ಆಗಿಬಿಟ್ಟಿದ್ದರೆ ಅದು ಕಾಣೋದು ಅಲ್ಲೇ.