ಮೇಲೆ ಟೈಲ್ಸ್ ಹೊಳಪು, ಕೆಳಗೆ ತೊಟ ತೊಟ

ಹಳೇ ಮನೆಯ ಬಾತ್‌ರೂಮ್ ರಿಪೇರಿಗೆ ಅಂತ ಬರುವವರು ಮೊದಲು ಕೈಗೆ ತೆಗೆದುಕೊಳ್ಳುವುದೇ ಟೈಲ್ಸ್ ಕ್ಯಾಟಲಾಗ್. ಟಾರ್ಚ್ ಬಿಟ್ಟು ನೋಡಲ್ಲ, ಲೆವೆಲ್ ಹಿಡಿಯಲ್ಲ. "ಈ ಗ್ರೇ ಕಲರ್ ಈಗ ಜಾಸ್ತಿ ಓಡ್ತಿದೆ ಸಾರ್." ಅಯ್ಯಾ, ಕೆಳಗಿನ ಮನೆಯವರ ಸೀಲಿಂಗ್ ತೊಟ್ಟಿಕ್ಕುತ್ತಿದೆ. ಆ ನೀರು ಎಲ್ಲಿಂದ ಬರ್ತಿದೆ ಹೇಳು ಮಾರಾಯ, ಬಣ್ಣ ಆಮೇಲೆ ನೋಡೋಣ!

ಒಬ್ಬರು ಬಂದು ಟೈಲ್ಸ್ ಸಂದಿಗೆ ವೈಟ್ ಸಿಮೆಂಟ್ ತುಂಬಿ ಹೋದರು. ಹುಣ್ಣಿಗೆ ಪೌಡರ್ ಬಳಿದ ಹಾಗೆ. ನೀರು ತಡೆಯುವುದು ಟೈಲ್ಸೂ ಅಲ್ಲ, ಅದರ ಸಂದಿಯೂ ಅಲ್ಲ. ಕೆಳಗಿರುವ ವಾಟರ್‌ಪ್ರೂಫಿಂಗ್ ಪದರ. ಹಳೇ ಮನೆಗಳಲ್ಲಿ ಎಷ್ಟೋ ಕಡೆ ಬಾತ್‌ರೂಮ್ ಸ್ಲ್ಯಾಬನ್ನು ತಗ್ಗಿಸಿ, ಪೈಪ್ ಹಾಯಿಸಿ, ಇಟ್ಟಿಗೆ ಚೂರು ತುಂಬಿ ಮುಚ್ಚಿರುತ್ತಾರೆ. ಒಳಗೆ ಒಂದು ಜಾಯಿಂಟ್ ಬಿಟ್ಟುಕೊಂಡರೆ ಆ ಚೂರೆಲ್ಲ ನೀರು ಕುಡಿದು ಕೂರುತ್ತದೆ. ನಲ್ಲಿ ಬಂದ್ ಮಾಡಿದರೂ ಕೆಳಗಡೆ ಸೋರುವುದು ನಿಲ್ಲಲ್ಲ. ಇದನ್ನು ನಾನು ಅವರಿಗೆ ಹೇಳಿಕೊಡಬೇಕಾ?

ಇನ್ನೊಬ್ಬ ಮಹಾಶಯರು "ಹಳೇದರ ಮೇಲೇ ಹೊಸ ಟೈಲ್ಸ್ ಕೂರಿಸೋಣ, ಧೂಳೇ ಇರಲ್ಲ" ಅಂದರು. ಧೂಳು ಇರಲ್ಲ, ನಿಜ. ನೆಲ ಮೇಲೇಳುತ್ತೆ, ಬಾಗಿಲು ಉಜ್ಜುತ್ತೆ, ಸ್ನಾನದ ನೀರು ಹೊಸ್ತಿಲು ದಾಟುತ್ತೆ. ಸೋರುವುದು ಮಾತ್ರ ಇದ್ದಲ್ಲೇ ಇರುತ್ತೆ.

ಪ್ಲಂಬರ್ ಕತೆ ಬೇರೆ. ಗೋಡೆಯೊಳಗಿನ ಹಳೇ ಜಿಐ ಪೈಪ್, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪ್, ಒಳಗಿಂದ ತುಕ್ಕು ಕಟ್ಟಿ ಕಿರಿದಾಗಿದೆ. ಅದಕ್ಕೇ ನೀರು ದಾರದ ಹಾಗೆ ಬರೋದು. ಇವರು ಏನು ಮಾಡಬೇಕು? ಹೊಸ ಶವರ್ ತಂದು ಸಿಕ್ಕಿಸಿದರು!

ಕೊನೆಗೆ ಪೂರ್ತಿ ಒಡೆಸಿದೆ. ನನ್ನ ಹೊಟ್ಟೆ ಉರಿಯುವುದು ಇಲ್ಲೇ. ವಾಟರ್‌ಪ್ರೂಫಿಂಗ್ ಬಳಿದು ಒಣಗಿದ ಮೇಲೆ, ನೀರು ಹೋಗುವ ಬಾಯಿ ಕಟ್ಟಿ, ಕನಿಷ್ಠ 24 ಗಂಟೆ ನೀರು ನಿಲ್ಲಿಸಿ ಕೆಳಗಡೆ ಹೋಗಿ ನೋಡಬೇಕು. ಗೋಡೆ ಮುಚ್ಚುವ ಮೊದಲು ಪೈಪಿಗೆ ಪ್ರೆಶರ್ ಕೊಟ್ಟು ನೋಡಬೇಕು. ಇಷ್ಟೇ. ಇದೇನು ರಾಕೆಟ್ ಉಡಾಯಿಸುವ ಕೆಲಸವಲ್ಲ. ಕೇಳಿದ್ದಕ್ಕೆ "ನಾವು ಎಷ್ಟು ಬಾತ್‌ರೂಮ್ ಮಾಡಿಲ್ಲ ಸಾರ್, ಏನೂ ಆಗಲ್ಲ" ಅಂದರು. ನಾನು ಆಫೀಸಿಂದ ಬರುವಷ್ಟರಲ್ಲಿ ಟೈಲ್ಸ್ ಕೂತಿತ್ತು.

ಆಯಿತು. ಸೋರಿತು. ಪ್ಲಂಬರ್ ಹೇಳುತ್ತಾರೆ, ಮೇಸ್ತ್ರಿ ಪೈಪಿಗೆ ಸುತ್ತಿಗೆ ತಾಗಿಸಿದ್ದಾರೆ ಅಂತ. ಮೇಸ್ತ್ರಿ ವಾಟರ್‌ಪ್ರೂಫಿಂಗ್‌ನವರನ್ನು ತೋರಿಸುತ್ತಾರೆ. ಅವರು ಫೋನೇ ಎತ್ತಲ್ಲ.

ಸಾಲದ್ದಕ್ಕೆ ಇಳಿಜಾರೂ ಇಲ್ಲ. ಶವರ್ ಕೆಳಗೆ ಅಡಿಗೆ ಕಾಲು ಇಂಚು ವಾಟ ಕೊಟ್ಟಿದ್ದರೆ ನೀರು ತಾನಾಗಿ ಹರಿದು ಹೋಗುತ್ತಿತ್ತು. ಈಗ ಮೂಲೆಯಲ್ಲಿ ನಿಲ್ಲುತ್ತೆ, ಪಾಚಿ ಕಟ್ಟುತ್ತೆ. ವಯಸ್ಸಾದವರು ಇರುವ ಮನೆ, ಜಾರಿ ಬಿದ್ದರೆ ಯಾರು ಗತಿ? ಮೇಸ್ತ್ರಿಗೆ ತೋರಿಸಿದರೆ ಅವರ ಪರಿಹಾರ: "ಒಂದು ವೈಪರ್ ಇಟ್ಕೊಳ್ಳಿ ಸಾರ್."

ಈಗ ಮತ್ತೆ ಒಡೆಯಬೇಕು. ಹೊಸ ಮೇಸ್ತ್ರಿಗೆ ಮೊದಲೇ ಹೇಳಿಬಿಟ್ಟೆ, ನೀರು ನಿಲ್ಲಿಸಿ ನೋಡದೆ ಒಂದು ಟೈಲೂ ಕೂರಿಸುವ ಹಾಗಿಲ್ಲ ಅಂತ. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡರು. "ಹಂಗೆಲ್ಲಾ ಟೆಸ್ಟ್ ಮಾಡಬೇಕಂದ್ರೆ ರೇಟ್ ಬೇರೆ ಆಗತ್ತೆ ಸಾರ್."