ಮಂಗನ ಕಾಯಿಲೆಯ ಸೀಮೆಯಲ್ಲಿ ಯೋಬನ ಗ್ರಂಥ

ಮಲೆನಾಡಿನ ಕ್ರೈಸ್ತರಿಗೆ ಈಸ್ಟರ್ ಹಬ್ಬಕ್ಕೆ ಮೊದಲಿನ ಉಪವಾಸ, ಪ್ರಾರ್ಥನೆಗಳ ತಪಸ್ಸುಕಾಲವೂ ಮಂಗನ ಕಾಯಿಲೆಯ ಕಾಲವೂ ಜೊತೆಯಾಗಿಯೇ ಬರುತ್ತವೆ. ಬೂದಿ ಬುಧವಾರದಂದು ಗುರುಗಳು ನಮ್ಮ ಹಣೆಗೆ ಬೂದಿ ಹಚ್ಚಿ, ಮಣ್ಣಿನಿಂದ ಬಂದವರು ಮಣ್ಣಿಗೇ ಮರಳಬೇಕೆಂದು ನೆನಪಿಸುವ ಹೊತ್ತಿಗೆ ಶಿವಮೊಗ್ಗ ಜಿಲ್ಲೆಯ ಸೊರಬ, ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಾಡಿನಲ್ಲಿ ಎಲೆ ಉದುರಿ ನೆಲ ಒಣಗಿರುತ್ತದೆ. ಆ ದರಗೆಲೆಯ ನಡುವೆ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಉಣುಗುಗಳು ಹರಿದಾಡುತ್ತಿರುತ್ತವೆ. ಆಶಾ ಕಾರ್ಯಕರ್ತೆಯರು ಉಣುಗು ಕಚ್ಚದಂತೆ ಮೈಗೆ ಹಚ್ಚುವ ಎಣ್ಣೆಯ ಬಾಟಲಿ ಹಿಡಿದು ಮನೆಮನೆಗೆ ಬಂದು, ಜ್ವರ ಬಂದವರು ಯಾರಿದ್ದಾರೆ, ತೋಟದ ಮೇಲಿನ ಕಾಡಿನಲ್ಲಿ ಮಂಗ ಸತ್ತು ಬಿದ್ದಿದೆಯೇ ಎಂದು ವಿಚಾರಿಸುತ್ತಾರೆ.

ಇಂಥ ಕಾಲದಲ್ಲಿ ಸಾವು ಬಂದ ಮನೆಗೆ ಹೋದಾಗ ನಾವು ಕ್ರೈಸ್ತರು ಆಡುವ ಮಾತುಗಳ ಬಗ್ಗೆ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ‘ಎಲ್ಲವೂ ದೇವರ ಚಿತ್ತ’ ಎನ್ನುತ್ತೇವೆ. ‘ದೇವರು ತಮಗೆ ಪ್ರಿಯರಾದವರನ್ನೇ ಬೇಗ ಕರೆದುಕೊಳ್ಳುತ್ತಾರೆ’ ಎನ್ನುತ್ತೇವೆ. ಮನೆಯಿಂದ ಹೊರಗೆ ಬಂದ ಮೇಲೆ, ಆ ಕುಟುಂಬದವರು ಪೂಜೆಗೆ ಸರಿಯಾಗಿ ಬರುತ್ತಿರಲಿಲ್ಲ ಎಂದು ಮೆಲ್ಲಗೆ ಸೇರಿಸುವವರೂ ಇದ್ದಾರೆ. ಮೊದಲ ಎರಡು ಮಾತುಗಳ ಹಿಂದೆ ಕೆಟ್ಟ ಉದ್ದೇಶವಿಲ್ಲ, ಸುಮ್ಮನಿರಲು ಆಗದ ಸಂಕಟವಿದೆ ಎಂದು ಬಲ್ಲೆ. ಆದರೂ ಹೇಳಬೇಕು: ನೊಂದವರ ಮುಂದೆ ನಿಂತು ಅವರ ನೋವಿಗೆ ಕಾರಣ ಹುಡುಕಿಕೊಡುವುದು ವಿಶ್ವಾಸದ ಕೆಲಸವಲ್ಲ. ಬೈಬಲ್ ಆ ಕೆಲಸವನ್ನು ನಮಗೆ ಒಪ್ಪಿಸಿಲ್ಲ. ಒಪ್ಪಿಸದೇ ಇರುವುದಷ್ಟೇ ಅಲ್ಲ, ಹಾಗೆ ಮಾಡಿದವರನ್ನು ಹೆಸರು ಹಿಡಿದು ಗದರಿಸಿದೆ.

ಈ ಕಾಯಿಲೆಯನ್ನೇ ಎದುರಿಗಿಟ್ಟುಕೊಂಡು ಯೋಚಿಸೋಣ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು, ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ಮಲಗಿದಾಗ ಇದರ ವೈರಸ್ ಪತ್ತೆಯಾಯಿತು. ಜಗತ್ತಿನ ವೈದ್ಯಗ್ರಂಥಗಳಲ್ಲಿ ಇಂದಿಗೂ ಅದು ನಮ್ಮ ಆ ಕಾಡಿನ ಹೆಸರಿನಿಂದಲೇ ಇದೆ. ವೈರಸ್ ಬದುಕುವುದು ಉಣುಗುಗಳಲ್ಲಿ ಮತ್ತು ಕಾಡಿನ ಸಣ್ಣ ಪ್ರಾಣಿಗಳಲ್ಲಿ. ಮಂಗ, ಮುಸಿಯಗಳಿಗೆ ತಗುಲಿದರೆ ಅವು ಸಾಯುತ್ತವೆ. ಸತ್ತ ಮಂಗದ ಮೈಯಿಂದ ಇಳಿದ ಉಣುಗುಗಳು ಸುತ್ತಲಿನ ನೆಲದಲ್ಲಿ ಹರಡುತ್ತವೆ. ಸೊಪ್ಪಿಗೆ, ಸೌದೆಗೆ, ದರಗೆಲೆಗೆ, ದನ ಹುಡುಕಲು ಆ ದಾರಿಯಲ್ಲಿ ಹೋದವರಿಗೆ ಉಣುಗು ಕಚ್ಚಿದರೆ ಜ್ವರ ಬರುತ್ತದೆ. ಒಬ್ಬ ಮನುಷ್ಯನಿಂದ ಇನ್ನೊಬ್ಬ ಮನುಷ್ಯನಿಗೆ ಇದು ಹರಡುವುದಿಲ್ಲ. ಅಂದರೆ ಈ ವೈರಸ್ಸಿನ ಬಾಳಿಗೆ ಮನುಷ್ಯ ಬೇಕಾಗಿಯೇ ಇಲ್ಲ. ಅದು ನಮ್ಮನ್ನು ಹುಡುಕಿಕೊಂಡು ಬರುವುದಿಲ್ಲ. ಅದರ ದಾರಿಗೆ ನಾವು ಅಡ್ಡ ಬರುತ್ತೇವೆ, ಅಷ್ಟೆ.

2018ರ ಕೊನೆಯಿಂದ 2019ರ ಬೇಸಿಗೆಯವರೆಗೆ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಸಾವಿನ ಮೇಲೆ ಸಾವು ಸಂಭವಿಸಿದಾಗ ತೀರಿಕೊಂಡವರು ತೀರಿಕೊಳ್ಳದವರಿಗಿಂತ ಹೆಚ್ಚು ಪಾಪ ಮಾಡಿದವರೇ? ಇದೇ ಪ್ರಶ್ನೆಯನ್ನು ಯೇಸುಸ್ವಾಮಿಗೇ ಕೇಳಬೇಕಾಗಿಲ್ಲ, ಏಕೆಂದರೆ ಅವರು ಆಗಲೇ ಉತ್ತರಿಸಿದ್ದಾರೆ. ಸಿಲೋವಾಮಿನ ಗೋಪುರ ಕುಸಿದು ಸತ್ತ 18 ಮಂದಿ ಜೆರುಸಲೇಮಿನಲ್ಲಿದ್ದ ಉಳಿದವರಿಗಿಂತ ದೋಷಿಗಳೆಂದು ಭಾವಿಸುತ್ತೀರೋ ಎಂದು ತಾವೇ ಕೇಳಿ, ಖಂಡಿತ ಇಲ್ಲ ಎಂದು ತಾವೇ ಹೇಳಿದರೆಂದು ಲೂಕನ ಶುಭಸಂದೇಶದ 13ನೆಯ ಅಧ್ಯಾಯದಲ್ಲಿದೆ. ಹುಟ್ಟುಕುರುಡನನ್ನು ತೋರಿಸಿ, ಪಾಪ ಮಾಡಿದವನು ಇವನೋ ಇವನ ತಂದೆತಾಯಿಯೋ ಎಂದು ಶಿಷ್ಯರು ಕೇಳಿದಾಗಲೂ ಅವರು ಎರಡನ್ನೂ ತಳ್ಳಿಹಾಕಿದರು. ಇಷ್ಟು ಸ್ಪಷ್ಟವಾಗಿ ಮುಚ್ಚಿದ ಬಾಗಿಲನ್ನು ನಾವು ಸಾವಿನ ಮನೆಯ ಅಂಗಳದಲ್ಲಿ ನಿಂತು ಮತ್ತೆ ಏಕೆ ತೆರೆಯುತ್ತೇವೆ?

ತತ್ತ್ವಜ್ಞಾನಿಗಳು ಬೇರೆ ದಾರಿ ಹಿಡಿದರು. ಜರ್ಮನಿಯ ಲೈಬ್ನಿಟ್ಸ್ 1710ರಲ್ಲಿ, ದೇವರು ನಿರ್ಮಿಸಬಹುದಾಗಿದ್ದ ಲೋಕಗಳಲ್ಲೆಲ್ಲ ಇದೇ ಅತ್ಯುತ್ತಮವಾದದ್ದು, ಬಿಡಿಯಾಗಿ ಕೆಡುಕೆಂದು ತೋರುವುದು ಇಡಿಯಾಗಿ ನೋಡಿದಾಗ ಒಳಿತಿಗೆ ಅಗತ್ಯವಾದದ್ದು ಎಂದು ವಾದಿಸಿದ. 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಿಗ್ಗೆ, ದೇವಾಲಯಗಳು ಜನರಿಂದ ತುಂಬಿದ್ದ ಹೊತ್ತಿನಲ್ಲಿ ಲಿಸ್ಬನ್ ನಗರ ಭೂಕಂಪಕ್ಕೆ ಉರುಳಿತು. ಅದರ ಹಿಂದೆಯೇ ಬೆಂಕಿಯೂ ಸಮುದ್ರದ ಅಲೆಯೂ ಬಂದವು. ಆ ವಾದ ಯುರೋಪಿನಲ್ಲಿ ಮತ್ತೆ ಹಿಂದಿನಂತೆ ಎದ್ದು ನಿಲ್ಲಲಿಲ್ಲ. ವಾದದಲ್ಲಿ ತರ್ಕದೋಷ ಇತ್ತೋ ಇಲ್ಲವೋ, ಹೆಣದ ಮುಂದೆ ಹೇಳಲಾಗದ ಮಾತು ಅದಾಗಿತ್ತು.

ಸಂತ ಅಗಸ್ಟೀನರ ವಿಚಾರ ಇದಕ್ಕಿಂತ ಆಳವಾದದ್ದು. ಕೆಡುಕಿಗೆ ಸ್ವಂತ ಸತ್ವವಿಲ್ಲ, ಇರಬೇಕಾದ ಒಳಿತು ಇಲ್ಲದಿರುವುದೇ ಕೆಡುಕು ಎಂದರು ಅವರು. ದೇವರು ಕೆಡುಕನ್ನು ಸೃಷ್ಟಿಸಿಲ್ಲ ಎಂಬುದನ್ನು ಕಾಪಾಡಲು ಈ ವಿಚಾರ ಬೇಕು, ನಾನು ಅದನ್ನು ಒಪ್ಪುತ್ತೇನೆ. ಆದರೆ ಅಗಸ್ಟೀನರು ಸ್ವತಃ ತಮ್ಮ ಯೌವನದ ಗೆಳೆಯ ಜ್ವರದಿಂದ ತೀರಿಕೊಂಡಾಗ ಆ ತತ್ತ್ವದಿಂದ ಸಮಾಧಾನ ಪಡೆದವರಲ್ಲ. ಕಣ್ಣು ಎಲ್ಲೆಡೆ ಅವನನ್ನೇ ಹುಡುಕಿ ಕಾಣದೆ, ಹುಟ್ಟೂರು ಸೇರದಾಗಿ, ಅಳುವೊಂದೇ ಹಿತವೆನಿಸಿದ ದಿನಗಳನ್ನು ತಮ್ಮ ‘ಆತ್ಮನಿವೇದನೆ’ ಎಂಬ ಕೃತಿಯ ನಾಲ್ಕನೆಯ ಭಾಗದಲ್ಲಿ ಬರೆದಿದ್ದಾರೆ. ಕ್ರೈಸ್ತ ಧರ್ಮಸಭೆಯ ಅತಿ ದೊಡ್ಡ ಚಿಂತಕರಲ್ಲಿ ಒಬ್ಬರು ಅಳುವುದನ್ನು ಬರೆದಿಟ್ಟದ್ದು ನನಗೆ ಅವರ ವಾದಗಳಷ್ಟೇ ಮುಖ್ಯವಾಗಿ ಕಾಣುತ್ತದೆ.

ಈಗ ಬೈಬಲಿನ ಹಳೆಯ ಒಡಂಬಡಿಕೆಯ ಯೋಬನ ಗ್ರಂಥಕ್ಕೆ ಬರುತ್ತೇನೆ. 42 ಅಧ್ಯಾಯಗಳ ಈ ಗ್ರಂಥವನ್ನು ನಮ್ಮಲ್ಲಿ ಹೆಚ್ಚಿನವರು ಮೊದಲ ಎರಡು ಮತ್ತು ಕೊನೆಯ ಒಂದು ಅಧ್ಯಾಯದ ಮಟ್ಟಿಗೆ ಮಾತ್ರ ಬಲ್ಲರು: ಯೋಬ ಎಲ್ಲವನ್ನೂ ಕಳೆದುಕೊಂಡ, ತಾಳ್ಮೆಯಿಂದ ಇದ್ದ, ಎಲ್ಲವನ್ನೂ ಮರಳಿ ಪಡೆದ. ನಡುವಿನ ಅಧ್ಯಾಯಗಳಲ್ಲಿ ಆ ತಾಳ್ಮೆಯ ಯೋಬ ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ, ದೇವರನ್ನು ನ್ಯಾಯಸ್ಥಾನಕ್ಕೆ ಕರೆಯುತ್ತಾನೆ. ಅವನನ್ನು ನೋಡಲು ಬಂದ ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಗೆಳೆಯರು ಮೊದಲ ಏಳು ದಿನ ಏಳು ರಾತ್ರಿ ಮಾತಿಲ್ಲದೆ ಅವನೊಡನೆ ನೆಲದ ಮೇಲೆ ಕುಳಿತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಅವರು ಹೇಳಿದ್ದೆಲ್ಲ ನಾವು ಸಾವಿನ ಮನೆಯಲ್ಲಿ ಹೇಳುವ ಮಾತೇ: ಕಾರಣವಿಲ್ಲದೆ ಕಷ್ಟ ಬರುವುದಿಲ್ಲ, ದೇವರು ಅನ್ಯಾಯ ಮಾಡುವವರಲ್ಲ, ನಿನ್ನ ತಪ್ಪನ್ನು ಹುಡುಕಿಕೋ.

38ನೆಯ ಅಧ್ಯಾಯದಲ್ಲಿ ಬಿರುಗಾಳಿಯೊಳಗಿನಿಂದ ದೇವರು ಮಾತನಾಡುತ್ತಾರೆ. ಯೋಬನ ಮಕ್ಕಳ ಸಾವಿನ ಬಗ್ಗೆ ಒಂದು ಮಾತೂ ಇಲ್ಲ. ಬದಲಿಗೆ ಪ್ರಶ್ನೆಗಳ ಸುರಿಮಳೆ. ಅವುಗಳಲ್ಲಿ ಒಂದು ಮಲೆನಾಡಿನವನಾದ ನನ್ನನ್ನು ಬಿಡದೆ ಹಿಡಿದಿದೆ: ಯಾವ ಮನುಷ್ಯನೂ ವಾಸಿಸದ ನೆಲದ ಮೇಲೆ ಮಳೆ ಸುರಿಸುವವರು ಯಾರು? ಅಲ್ಲಿ ಎಳೆಹುಲ್ಲು ಮೊಳೆಯುವಂತೆ ಮಾಡುವವರು ಯಾರು? ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಘಟ್ಟದಲ್ಲಿ ಅದರಲ್ಲಿ ಎಷ್ಟು ಪಾಲು ನಮ್ಮ ತೋಟಕ್ಕೆ, ನಮ್ಮ ಗದ್ದೆಗೆ ಬೀಳುತ್ತದೆ? ಉಳಿದದ್ದೆಲ್ಲ ಯಾರೂ ಕಾಲಿಡದ ಇಳಿಜಾರಿನ ಮೇಲೆ, ಹೆಸರಿಲ್ಲದ ಹಾವಸೆಯ ಮೇಲೆ, ಕಪ್ಪೆಗಳ ಮೇಲೆ, ಹಾವುಗಳ ಮೇಲೆ ಬೀಳುತ್ತದೆ. ಅದು ವ್ಯರ್ಥವಾದ ಮಳೆಯಲ್ಲ ಎಂದು ದೇವರು ಯೋಬನಿಗೆ ಹೇಳುತ್ತಿದ್ದಾರೆ. ಕಾಗೆಯ ಮರಿಗಳು, ಈಯುವ ಕಾಡುಮೇಕೆ, ಯಾರಿಗೂ ಪಳಗದ ಕಾಡುಕತ್ತೆ, ರಕ್ತ ಹೀರುವ ಹದ್ದಿನ ಮರಿಗಳು, ಕೊನೆಗೆ ಎದುರಿಸಲಾಗದ ಮಹಾಮೃಗ, ಇವೆಲ್ಲವನ್ನೂ ಪ್ರೀತಿಯಿಂದ ಎಂಬಂತೆ ಒಂದೊಂದಾಗಿ ತೋರಿಸಿ, ಆ ಮೃಗವನ್ನು ನಿನ್ನೊಡನೆಯೇ ಉಂಟುಮಾಡಿದೆ ಎನ್ನುತ್ತಾರೆ.

ಇಲ್ಲಿಯೇ ನಮ್ಮ ಕಾಡಿನ ವೈರಸ್ಸನ್ನು ಕುರಿತು ವಿಜ್ಞಾನಿಗಳು ಹೇಳುವುದೂ ಈ ಗ್ರಂಥ ಹೇಳುವುದೂ ನನಗೆ ಒಂದೆಡೆ ಸೇರಿದಂತೆ ತೋರುತ್ತದೆ. ಸೃಷ್ಟಿ ಮನುಷ್ಯನನ್ನು ಸುತ್ತುವರಿದು ಕುಳಿತಿಲ್ಲ. ಅದರಲ್ಲಿ ನಡೆಯುವುದೆಲ್ಲ ನಮಗೆ ಕೊಡುವ ಬಹುಮಾನವೋ ದಂಡನೆಯೋ ಅಲ್ಲ. ಈ ಅರಿವು ಒಂದು ಕಡೆಯಿಂದ ಬಿಡುಗಡೆ ಕೊಡುತ್ತದೆ, ಏಕೆಂದರೆ ಉಣುಗು ಕಚ್ಚಿ ಸತ್ತವನ ಮೇಲೆ ದೇವರು ಗುರಿಯಿಟ್ಟು ಬಾಣ ಬಿಟ್ಟಿಲ್ಲ. ಇನ್ನೊಂದು ಕಡೆಯಿಂದ ಅದು ಭಯ ಹುಟ್ಟಿಸುತ್ತದೆ: ಹಾಗಾದರೆ ಇಷ್ಟು ದೊಡ್ಡ ಕಾಡಿನಲ್ಲಿ ನನ್ನ ಮಗನಿಗೆ ಬೆಲೆಯೇ ಇಲ್ಲವೇ ಎಂದು ಮಗನನ್ನು ಕಳೆದುಕೊಂಡ ತಾಯಿ ಕೇಳಬಹುದು. ಯೋಬನ ಗ್ರಂಥ ಈ ಪ್ರಶ್ನೆಗೆ ಉತ್ತರ ಕೊಡದೆ ನಿಲ್ಲುತ್ತದೆ ಎಂದೇ ನನ್ನ ಓದು. ಆದರೆ ನಿಲ್ಲುವ ಮೊದಲು ಒಂದು ತೀರ್ಪು ಕೊಡುತ್ತದೆ. ದೇವರು ಎಲೀಫಜನ ಕಡೆ ತಿರುಗಿ, ನನ್ನ ದಾಸ ಯೋಬನಂತೆ ನೀವು ನನ್ನ ವಿಷಯದಲ್ಲಿ ಸರಿಯಾದದ್ದನ್ನು ಆಡಲಿಲ್ಲ ಎಂದು ಕೋಪಿಸಿಕೊಳ್ಳುತ್ತಾರೆ. ದೇವರ ಪರವಾಗಿ ವಾದಿಸಿದವರು ತಪ್ಪಿತಸ್ಥರು. ದೇವರ ವಿರುದ್ಧ ದೂರಿದವನು ಸರಿ. ಈ ತೀರ್ಪನ್ನು ನಾವು ಎಂದಾದರೂ ಗಂಭೀರವಾಗಿ ತೆಗೆದುಕೊಂಡಿದ್ದೇವೆಯೇ?

ಹೊಸನಗರದ ಕಡೆಯ ಒಂದು ಊರಿನಲ್ಲಿ ಹೀಗೆ ಮಗನನ್ನು ಕಳೆದುಕೊಂಡ ತಾಯಿಯ ಮನೆಗೆ ಹೋಗಿದ್ದೆ. ಬಂದವರು ಹೇಳಬೇಕಾದದ್ದನ್ನೆಲ್ಲ ಹೇಳಿ ಮುಗಿಸಿದ್ದರು. ಪಕ್ಕದ ಮನೆಯ ದೀವರ ಅಜ್ಜಿಯೊಬ್ಬರು ಗಂಜಿ ತಂದು ಬಡಿಸಿ, ಒಂದೂ ಮಾತಾಡದೆ ಆ ತಾಯಿಯ ಬೆನ್ನಿಗೆ ತಾಗಿ ಕುಳಿತಿದ್ದರು. ಬಹಳ ಹೊತ್ತಿನ ಮೇಲೆ ಆ ತಾಯಿ ನನ್ನನ್ನು ಕೇಳಿದರು: “ಮೇಷ್ಟ್ರೇ, ಅವನು ದರಗಿಗೆ ಹೋಗಿದ್ದೇ ತಪ್ಪಾಯ್ತಾ? ನಾನೇ ಕಳಿಸಿದ್ದು.” ನಾನು ಹೇಳಿದ್ದಿಷ್ಟು: “ತಪ್ಪಲ್ಲಮ್ಮ. ಕೊಟ್ಟಿಗೆಗೆ ದರಗು ಬೇಕಿತ್ತು, ತರೋಕೆ ಹೋದ.” ಅಷ್ಟು ಜನ ದೇವರ ಚಿತ್ತವನ್ನು ವಿವರಿಸಿದ್ದರೂ ಆಕೆ ಒಳಗೊಳಗೇ ತನ್ನ ಮೇಲೆ ಹೊರಿಸಿಕೊಂಡಿದ್ದ ಆ ಅಪರಾಧವನ್ನು ಯಾರೂ ಇಳಿಸಿರಲಿಲ್ಲ. ಎಲ್ಲವೂ ದೇವರ ಯೋಜನೆ ಎಂದಾಗ, ಆ ಯೋಜನೆಯಲ್ಲಿ ತನ್ನ ಕೈಯೂ ಸೇರಿದೆ ಎಂದೇ ಆ ತಾಯಿ ಕೇಳಿಸಿಕೊಂಡಿದ್ದರು.

ದೂರುವುದು ಅವಿಶ್ವಾಸವಲ್ಲವೇ ಎಂದು ಗೆಳೆಯರು ಕೇಳುತ್ತಾರೆ. ಬೈಬಲಿನ ಕೀರ್ತನೆಗಳನ್ನು ತೆರೆದು ನೋಡಿ. ಅವುಗಳಲ್ಲಿ ದೊಡ್ಡದೊಂದು ಪಾಲು ಗೋಳಾಟ. ಬಹುತೇಕ ಗೋಳಿನ ಕೀರ್ತನೆಗಳು ಕೊನೆಗೆ ಸ್ತುತಿಗೆ ತಿರುಗುತ್ತವೆ. 88ನೆಯದು ಮಾತ್ರ ತಿರುಗುವುದೇ ಇಲ್ಲ, ಕತ್ತಲೆಯಲ್ಲಿಯೇ ಮುಗಿಯುತ್ತದೆ, ಮತ್ತು ಹಾಗೆಯೇ ಅದನ್ನು ದೇವರ ವಾಕ್ಯವೆಂದು ಧರ್ಮಸಭೆ ಕಾಪಾಡಿಕೊಂಡು ಬಂದಿದೆ. ದೇವರೊಡನೆ ಜಗಳವಾಡುವ ಭಕ್ತಿ ಈ ಜಿಲ್ಲೆಯ ಮಣ್ಣಿಗೇನೂ ಹೊಸದಲ್ಲ. ಶಿಕಾರಿಪುರದ ಉಡುತಡಿಯಲ್ಲಿ ಹುಟ್ಟಿದರೆನ್ನುವ ಅಕ್ಕಮಹಾದೇವಿ ತನ್ನ ಚೆನ್ನಮಲ್ಲಿಕಾರ್ಜುನನನ್ನು ಎಷ್ಟು ಸಲಿಗೆಯಿಂದ ಕೇಳಿದ್ದಾಳೆ ಎಂಬುದು ಕನ್ನಡಿಗರಿಗೆಲ್ಲ ಗೊತ್ತು. ಆದರೆ ನಮ್ಮ ಪ್ರಾರ್ಥನಾಕೂಟಗಳಲ್ಲಿ ಗುಣವಾದವರ ಸಾಕ್ಷ್ಯ ಮಾತ್ರ ಕೇಳಿಸುತ್ತದೆ. ಅಷ್ಟೇ ಭಕ್ತಿಯಿಂದ ಪ್ರಾರ್ಥಿಸಿಯೂ ಗುಣವಾಗದವರು ಹಿಂದಿನ ಬೆಂಚಿನಲ್ಲಿ ಕುಳಿತು, ತಮ್ಮ ವಿಶ್ವಾಸವೇ ಸಾಲದಾಯಿತೇನೋ ಎಂದು ಕುಗ್ಗುತ್ತಾರೆ. ಇದು ನನಗೆ ಬಹಳ ನೋವು ಕೊಡುವ ಸಂಗತಿ.

ಶಿಲುಬೆಯ ಮೇಲೆ ಯೇಸು ಕೂಗಿದ ಮಾತು 22ನೆಯ ಕೀರ್ತನೆಯ ಮೊದಲ ಸಾಲು: ನನ್ನ ದೇವರೇ, ನನ್ನ ದೇವರೇ, ನನ್ನನ್ನೇಕೆ ಕೈಬಿಟ್ಟಿರಿ? ಮಾರ್ಕನ ಶುಭಸಂದೇಶದಲ್ಲಿ ಆ ಪ್ರಶ್ನೆಗೆ ಆಕಾಶದಿಂದ ಯಾವ ಉತ್ತರವೂ ಬರುವುದಿಲ್ಲ. ಕ್ರಿಸ್ತರು ಪೂರ್ಣ ದೇವರು, ಪೂರ್ಣ ಮನುಷ್ಯರು ಎಂದು 451ರಲ್ಲಿ ಬಿಷಪರು ಸೇರಿದ್ದ ಕಾಲ್ಸೆಡೋನ್ ಮಹಾಸಭೆ ಸಾರಿತು. ದೈವಸ್ವಭಾವ ನೋವಿಗೆ ಒಳಗಾಗುವಂಥದ್ದಲ್ಲ ಎಂಬುದು ಧರ್ಮಸಭೆಯ ಹಳೆಯ ಬೋಧನೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಶಿಲುಬೆಯ ಮೇಲೆ ದೇಹದಲ್ಲಿ ನೊಂದವರು ಬೇರೆ ಯಾರೋ ಅಲ್ಲ, ದೇವಪುತ್ರರೇ ಎಂಬುದೂ ಅದೇ ಬೋಧನೆ. ಹಾಗಿದ್ದರೆ ‘ಏಕೆ’ ಎಂಬ ಪ್ರಶ್ನೆಯನ್ನು ಉತ್ತರ ಸಿಗದ ಕಡೆಯಿಂದ, ನಮ್ಮ ಕಡೆಯಿಂದ, ಕೇಳಿದವರು ದೇವಪುತ್ರರೇ ಎಂದಾಯಿತು. ಇಷ್ಟು ದೊಡ್ಡ ಕಾಡಿನಲ್ಲಿ ನನ್ನ ಮಗನಿಗೆ ಬೆಲೆಯಿಲ್ಲವೇ ಎಂದು ಕೇಳುವ ತಾಯಿಗೆ ಕ್ರೈಸ್ತನಾದ ನಾನು ತೋರಿಸಬಹುದಾದದ್ದು ಇದೊಂದನ್ನೇ. ಇದನ್ನು ವಿವರಣೆ ಎನ್ನಲಾರೆ. ಹಿಟ್ಲರನ ಸೆರೆಯಲ್ಲಿದ್ದ ಪಾದ್ರಿ ಡೀಟ್ರಿಶ್ ಬಾನ್‌ಹಾಫರ್ 1944ರ ಜುಲೈಯಲ್ಲಿ, ನೋಯುವ ದೇವರು ಮಾತ್ರ ನಮಗೆ ನೆರವಾಗಬಲ್ಲರು ಎಂದು ಪತ್ರದಲ್ಲಿ ಬರೆದರು. 1945ರ ಏಪ್ರಿಲ್ 9ರಂದು ಅವರನ್ನು ಗಲ್ಲಿಗೇರಿಸಲಾಯಿತು.

ಪುನರುತ್ಥಾನವನ್ನು ನಾನು ಮನಸಾರೆ ನಂಬುತ್ತೇನೆ. ಆದರೆ ಎದ್ದು ಬಂದ ಯೇಸುವಿನ ಕೈಯಲ್ಲಿ ಮೊಳೆಯ ಗಾಯಗಳು ಹಾಗೆಯೇ ಇದ್ದವು, ಶಿಷ್ಯ ತೋಮನಿಗೆ ಅವರು ತೋರಿಸಿದ್ದು ಅವನ್ನೇ. ಇಡೀ ಸೃಷ್ಟಿ ಪ್ರಸವವೇದನೆಯಲ್ಲಿ ನರಳುತ್ತಿದೆ ಎಂದು ಸಂತ ಪೌಲರು ರೋಮಿನವರಿಗೆ ಬರೆದಾಗ, ಆ ನರಳಾಟದಲ್ಲಿ ಮರದಿಂದ ಉದುರಿ ಬೀಳುವ ಮಂಗವೂ ಸೇರಿದೆ ಎಂದು ನಾನು ಓದಿಕೊಳ್ಳುತ್ತೇನೆ. ಭರವಸೆ ಇರುವುದು ಮುಂದೆ ಆಗಲಿರುವುದರ ಬಗ್ಗೆ. ಆಗಿಹೋದದ್ದು ಒಳ್ಳೆಯದಕ್ಕೇ ಆಯಿತು ಎಂದು ಹೇಳುವ ಅಧಿಕಾರವನ್ನು ಅದು ನಮಗೆ ಕೊಡುವುದಿಲ್ಲ.

ಕಾಯಿಲೆ ದೇವರ ಬಾಣವಲ್ಲವಾದರೆ ಅದರ ವಿರುದ್ಧ ಹೋರಾಡುವುದು ದೇವರ ವಿರುದ್ಧದ ಹೋರಾಟವೂ ಅಲ್ಲ. ಇಂದಿಗೂ ಈ ಜ್ವರಕ್ಕೆಂದೇ ನಿರ್ದಿಷ್ಟವಾದ ಔಷಧವಿಲ್ಲ. ಹಳೆಯ ಲಸಿಕೆಯ ಬಲ ಸಾಲದೆಂದು ಅದನ್ನು ನಿಲ್ಲಿಸಲಾಗಿದೆ. ಕಾಡಿಗೆ ಹೋಗುವ ಮೊದಲು ಕೈಕಾಲಿಗೆ ಡೇಪಾ ಎಣ್ಣೆ ಹಚ್ಚುವುದು, ಬಂದ ಮೇಲೆ ಬಿಸಿನೀರು ಸ್ನಾನ ಮಾಡಿ ಬಟ್ಟೆ ಒಗೆಯುವುದು, ಸತ್ತ ಮಂಗ ಕಂಡರೆ ಮುಟ್ಟದೆ ಕೂಡಲೇ ತಿಳಿಸುವುದು, ಇಷ್ಟೇ ಸದ್ಯಕ್ಕೆ ನಮ್ಮ ಕೈಯಲ್ಲಿರುವುದು. ಹೊಸ ಲಸಿಕೆ ಬೇಗ ಬರಲೆಂದು ಒತ್ತಾಯಿಸುವುದೂ ನಮ್ಮ ಪಾಲಿನ ಕೆಲಸವೇ, ಏಕೆಂದರೆ ಸೊಪ್ಪು ಸೌದೆಗೆ ಕಾಡಿಗೆ ಹೋಗಬೇಕಾದವರು ಹೆಚ್ಚಾಗಿ ಬಡವರು, ಅವರ ದನಿ ರಾಜಧಾನಿಯವರೆಗೆ ತಲುಪುವುದು ನಿಧಾನ.

ನಮ್ಮ ಧರ್ಮಕ್ಷೇತ್ರದ ಗುರುಗಳಲ್ಲಿ ನನ್ನದು ಎರಡು ವಿನಂತಿ. ಬರುವ ತಪಸ್ಸುಕಾಲದ ಒಂದು ಭಾನುವಾರ, ಮಲೆನಾಡಿನ ಸೀಮೆಯ ಧರ್ಮಕೇಂದ್ರಗಳಲ್ಲಿ ಪೂಜೆ ಮುಗಿದ ಮೇಲೆ ಆರೋಗ್ಯ ಕೇಂದ್ರದವರನ್ನು ಕರೆಸಿ, ಕ್ರೈಸ್ತರು, ಅಲ್ಲದವರು ಎಂದು ನೋಡದೆ ಊರಿನವರಿಗೆಲ್ಲ ಎಣ್ಣೆ ಹಂಚುವ ವ್ಯವಸ್ಥೆ ಮಾಡಿ. ಒಂದು ಶುಕ್ರವಾರ ಶಿಲುಬೆಯ ಹಾದಿಯ ಪ್ರಾರ್ಥನೆಯ ನಂತರ, ಆ ವರ್ಷ ತೀರಿಕೊಂಡವರ ಹೆಸರುಗಳನ್ನು ಓದಿ, 88ನೆಯ ಕೀರ್ತನೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿಸಿ. ಅದರ ಮೇಲೆ ಪ್ರಬೋಧನೆ ಬೇಡ.